‘ಗಿವ್’ ಗೊತ್ತು, ‘ಅಪ್’ ಗೊತ್ತು, ‘ಗಿವ್ ಅಪ್’ ಯಾಕೆ ಗೊತ್ತಾಗಲ್ಲ? ಫ್ರೇಸಲ್ ವರ್ಬ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಮಕ್ಕಳು ಬರುತ್ತಾರೆ. ಬೆಂಗಳೂರಿಗೆ ಕೆಲಸ ಹುಡುಕಿ ಹೊರಟ ಡಿಗ್ರಿ ಹುಡುಗರು ಬರುತ್ತಾರೆ. ಮಕ್ಕಳ ಹೋಂವರ್ಕ್‌ಗೆ ತಾವೇ ಸಹಾಯ ಮಾಡಬೇಕು ಅನ್ನುವ ತಾಯಂದಿರೂ ಬರುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯವರು ಫೋನಿನಲ್ಲಿ ಕೇಳುತ್ತಾರೆ, ಒಮ್ಮೊಮ್ಮೆ ಕಾಗದವನ್ನೂ ಬರೆಯುತ್ತಾರೆ. ಗ್ರಾಮರ್ ಒಂದು ಹಂತಕ್ಕೆ ಬಂದ ಮೇಲೂ ಎಲ್ಲರೂ ಬಂದು ನಿಲ್ಲುವ ಜಾಗ ಒಂದೇ, ಫ್ರೇಸಲ್ ವರ್ಬ್. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಗಂಟು ಬಿದ್ದದ್ದು ಆಮೇಲೆ.

## ಮೊದಲ ಹೆಜ್ಜೆ

ಮೇಡಂ, ಫ್ರೇಸಲ್ ವರ್ಬ್ ಅಂದ್ರೆ ಏನು? ಚುಟುಕಾಗಿ ಹೇಳಿ.

ಒಂದು ಕ್ರಿಯಾಪದದ ಜೊತೆ ಅಪ್, ಔಟ್, ಆಫ್, ಆನ್, ಡೌನ್ ತರದ ಪುಟ್ಟ ಪದ ಸೇರಿಕೊಂಡು, ಎರಡೂ ಒಟ್ಟಾಗಿ ಬೇರೆಯೇ ಅರ್ಥ ಕೊಟ್ಟರೆ ಅದು ಫ್ರೇಸಲ್ ವರ್ಬ್. ‘ಗಿವ್’ ಅಂದರೆ ಕೊಡು. ‘ಗಿವ್ ಅಪ್’ ಅಂದರೆ ಕೈಬಿಡು, ಬಿಟ್ಟುಬಿಡು. ‘ಹಿ ಗೇವ್ ಅಪ್ ಸ್ಮೋಕಿಂಗ್’ ಅಂದರೆ ಅವನು ಸಿಗರೇಟು ಸೇದುವುದನ್ನು ಬಿಟ್ಟ. ಇಲ್ಲಿ ಯಾರೂ ಯಾರಿಗೂ ಏನೂ ಕೊಟ್ಟಿಲ್ಲ, ಅಲ್ವಾ?

ಈ ಹೆಸರು ಚಾಲ್ತಿಗೆ ಬಂದು ಸುಮಾರು ನೂರು ವರ್ಷ ಆಯಿತು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕರು ಇದನ್ನು ಬಳಸಿದರು. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ಡಿಕ್ಷನರಿಯ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಹೆಸರು ಹೊಸದು, ಮಾತು ಮಾತ್ರ ಬಹಳ ಹಳೆಯದು.

ಕನ್ನಡದಲ್ಲಿ ಇಂಥದ್ದು ಇಲ್ವಲ್ಲ, ಅದಕ್ಕೇ ನಮಗೆ ಇಷ್ಟು ಕಷ್ಟ ಅಲ್ವಾ?

ಇದೆ. ಬೇಕಾದಷ್ಟಿದೆ. ‘ಕೈ’ ಗೊತ್ತು, ‘ಕೊಡು’ ಗೊತ್ತು. ‘ಈ ಸಲ ಮಳೆ ಕೈ ಕೊಟ್ಟಿತು’ ಅಂದಾಗ ಕೈಯೂ ಇಲ್ಲ, ಕೊಡುವುದೂ ಇಲ್ಲ. ಇಂಗ್ಲಿಷಿನವರು ಇದಕ್ಕೇ ‘ಲೆಟ್ ಡೌನ್’ ಅನ್ನುತ್ತಾರೆ. ಕೈ ಬಿಡು, ಕೈ ಹಾಕು, ಕೈ ಮಾಡು, ಕೈ ಹಿಡಿ, ಇವೆಲ್ಲ ಒಂದೊಂದೂ ಬೇರೆ ಬೇರೆ. ನಮಗೆ ಯಾವ ಮೇಷ್ಟ್ರೂ ಪಟ್ಟಿ ಮಾಡಿ ಕಲಿಸಲಿಲ್ಲ.

ಇನ್ನೂ ಹತ್ತಿರದ್ದು ಬೇಕಾದರೆ ‘ಮರೆತುಹೋಯಿತು’ ನೋಡಿ. ಯಾರೂ ಎಲ್ಲಿಗೂ ಹೋಗಿಲ್ಲ. ‘ತಿಂದುಬಿಟ್ಟ’ ಅಂದರೆ ಅವನು ಏನನ್ನೂ ಬಿಟ್ಟಿಲ್ಲ, ಪೂರ್ತಿ ತಿಂದಿದ್ದಾನೆ. ಹೋಗು, ಬಿಡು, ಹಾಕು, ಕೊಳ್ಳು ಎಂಬ ಪುಟ್ಟ ಕ್ರಿಯಾಪದಗಳು ಕನ್ನಡದಲ್ಲಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಅಪ್, ಔಟ್, ಆಫ್‌ಗಳು ಮಾಡುತ್ತವೆ. ನಾನು ಹೇಳಿಕೊಡುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ನಿಮಗೆ ಬರದ ವಿದ್ಯೆ ಏನಲ್ಲ ಇದು. ಹುಟ್ಟಿದಾಗಿನಿಂದ ಮಾಡುತ್ತಾ ಬಂದದ್ದನ್ನೇ ಇನ್ನೊಂದು ಭಾಷೆಯಲ್ಲಿ ಮಾಡಬೇಕು, ಅಷ್ಟೆ.

ಒಟ್ಟು ಎಷ್ಟಿವೆ? ಎಲ್ಲಾ ಬಾಯಿಪಾಠ ಮಾಡಬೇಕಾ?

ಡಿಕ್ಷನರಿಗಳಲ್ಲಿ ಸಾವಿರಾರು ಸಿಗುತ್ತವೆ. ದಯವಿಟ್ಟು ಬಾಯಿಪಾಠ ಮಾಡಬೇಡಿ. 2007ರಲ್ಲಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವೀಸ್ ಎಂಬ ಇಬ್ಬರು ಸಂಶೋಧಕರು ಬ್ರಿಟಿಷ್ ಇಂಗ್ಲಿಷಿನ 10 ಕೋಟಿ ಪದಗಳ ದೊಡ್ಡ ಸಂಗ್ರಹವನ್ನು ಎಣಿಸಿ ನೋಡಿದರು. ಅದರಲ್ಲಿ ಬಂದ ಫ್ರೇಸಲ್ ವರ್ಬ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ 100 ಜೋಡಿಗಳೇ ಆಗಿದ್ದವು. ಗೋ, ಕಮ್, ಟೇಕ್, ಗೆಟ್, ಪುಟ್, ಲುಕ್ ತರದ ದಿನಬಳಕೆಯ ಪದಗಳೇ ಮತ್ತೆ ಮತ್ತೆ ಬರುತ್ತವೆ. ಮೊದಲು ಈ ನೂರನ್ನು ಹಿಡಿಯಿರಿ. ಉಳಿದವು ಎದುರಾದಾಗ ನೋಡಿಕೊಂಡರೆ ಸಾಕು.

ಅಪ್ ಅಂದ್ರೆ ಮೇಲೆ ತಾನೆ? ‘ಈಟ್ ಅಪ್’ನಲ್ಲಿ ಮೇಲೆ ಏನಿದೆ?

ಬಹಳ ಒಳ್ಳೆಯ ಪ್ರಶ್ನೆ. ಪಾತ್ರೆಗೆ ನೀರು ಹಾಕುತ್ತಾ ಹೋದರೆ ನೀರು ಮೇಲೇರಿ ಕೊನೆಗೆ ಬಾಯಿ ಮುಟ್ಟುತ್ತದೆ. ಅಲ್ಲಿಗೆ ತುಂಬಿತು, ಮುಗಿಯಿತು. ಹೀಗೆ ‘ಅಪ್’ಗೆ ‘ಪೂರ್ತಿ, ಕೊನೆಯವರೆಗೆ’ ಎಂಬ ಅರ್ಥವೂ ಇದೆ ಅಂತ ನೆನಪಿಟ್ಟುಕೊಳ್ಳಿ. ಈಟ್ ಅಪ್ ಅಂದರೆ ತಿಂದುಬಿಡು, ಡ್ರಿಂಕ್ ಅಪ್ ಅಂದರೆ ಕುಡಿದುಬಿಡು, ಯೂಸ್ ಅಪ್ ಅಂದರೆ ಬಳಸಿ ಖಾಲಿ ಮಾಡು, ಡ್ರೈ ಅಪ್ ಅಂದರೆ ಬತ್ತಿಹೋಗು. ನಮ್ಮ ‘ಬಿಡು’ ಮತ್ತು ‘ಹೋಗು’ ಇಲ್ಲಿ ಸಲೀಸಾಗಿ ಕೂರುತ್ತವೆ.

‘ಆಫ್’ನಲ್ಲಿ ಬೇರೆಯಾಗುವ, ಬಿಟ್ಟು ಹೊರಡುವ ಅರ್ಥ ಇದೆ. ಸೋಗಾನೆಯಲ್ಲಿ 2023ರಲ್ಲಿ ಶುರುವಾದ ಏರ್‌ಪೋರ್ಟಿನಿಂದ ವಿಮಾನ ನೆಲ ಬಿಟ್ಟು ಏರಿದರೆ ‘ಟೇಕ್ ಆಫ್’. ನೀವು ಬೆಳಗಿನ ಜಾವ ಊರು ಬಿಟ್ಟು ಹೊರಟರೆ ‘ಸೆಟ್ ಆಫ್’. ಲಿಂಗನಮಕ್ಕಿ ಹಿನ್ನೀರು ಬಂದ ಮೇಲೆ ತುಮರಿ ಕಡೆಯ ಊರುಗಳು ಸಾಗರದಿಂದ ಬೇರೆಯಾಗಿ ನಿಂತವು. ಲಾಂಚ್ ಬಿಟ್ಟರೆ ಹತ್ತಿರದ ದಾರಿ ಇರಲಿಲ್ಲ. ಇಂಗ್ಲಿಷಿನಲ್ಲಿ ‘ದೋಸ್ ವಿಲೇಜಸ್ ವರ್ ಕಟ್ ಆಫ್’ ಅನ್ನಬೇಕು. 2025ರಲ್ಲಿ ಸಿಗಂದೂರಿನ ಸೇತುವೆ ಆಯಿತು. ಆದರೂ ‘ಕಟ್ ಆಫ್’ ಅಂದರೆ ಏನು ಅಂತ ಅಲ್ಲಿನ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

‘ಔಟ್’ ಎರಡು ಕಡೆ ಎಳೆಯುತ್ತದೆ. ಒಂದು, ಮುಗಿದು ಇಲ್ಲವಾಗುವುದು. ಇನ್ನೊಂದು, ಒಳಗಿದ್ದದ್ದು ಹೊರಗೆ ಬರುವುದು. ‘ಫೈಂಡ್ ಔಟ್’ ಅಂದರೆ ಪತ್ತೆ ಹಚ್ಚು. ‘ಬ್ರೇಕ್ ಔಟ್’ ಅಂದರೆ ರೋಗ, ಬೆಂಕಿ, ಜಗಳ ಇದ್ದಕ್ಕಿದ್ದ ಹಾಗೆ ಶುರುವಾಗುವುದು. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಕಾಣಿಸಿಕೊಂಡಿತಲ್ಲ, ಅದನ್ನು ‘ದ ಡಿಸೀಸ್ ಬ್ರೋಕ್ ಔಟ್’ ಎಂದು ಬರೆಯುತ್ತಾರೆ.

‘ಆನ್’ ಮುಂದುವರಿಯುವುದು: ಗೋ ಆನ್, ಕ್ಯಾರಿ ಆನ್. ‘ಡೌನ್’ ಕಡಿಮೆಯಾಗುವುದು ಅಥವಾ ನಿಂತುಹೋಗುವುದು: ಸ್ಲೋ ಡೌನ್, ಬ್ರೇಕ್ ಡೌನ್. ಈ ಅರ್ಥಗಳು ಎಲ್ಲಾ ಕಡೆಯೂ ಕೂರುವುದಿಲ್ಲ. ಆದರೆ ಹೊಸ ಜೋಡಿ ಎದುರಾದಾಗ ಊಹೆ ಮಾಡಲು ಒಂದು ಹಿಡಿಕೆ ಸಿಗುತ್ತದೆ.

## ಮನೆ, ರಸ್ತೆ, ಮಳೆ

ಬೆಂಕಿಗೆ ‘ಪುಟ್ ಔಟ್’, ಗ್ಯಾಸಿಗೆ ‘ಟರ್ನ್ ಆಫ್’ ಅಂತೀರಿ. ಯಾವುದಕ್ಕೆ ಯಾವುದು, ತಲೆ ಕೆಡುತ್ತೆ.

ತಲೆ ಕೆಡಿಸಿಕೊಳ್ಳಬೇಡಿ. ಬಚ್ಚಲಮನೆಯ ಒಲೆ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಿ. ನಾನು ಚಿಕ್ಕವಳಿದ್ದಾಗ ಮಳೆಗಾಲದ ಬೆಳಿಗ್ಗೆ ಹಂಡೆ ಒಲೆಗೆ ಬೆಂಕಿ ಹಾಕುವುದು ನನ್ನ ಕೆಲಸ. ಹಸಿ ಕಟ್ಟಿಗೆ, ಹೊಗೆ, ಊದುಕೊಳವೆ. ಈಗ ಪಾಠಕ್ಕೆ ಆ ಒಲೆಯನ್ನೇ ತರುತ್ತೇನೆ.

ಬೆಂಕಿ ಹತ್ತಿಕೊಂಡು ಜೋರಾಗಿ ಉರಿಯುತ್ತಿದೆ. ಸ್ವಲ್ಪ ಹೊತ್ತಿಗೆ ಉರಿ ಇಳಿಯಿತು, ಕೆಂಡ ಉಳಿಯಿತು. ಇದು ‘ಡೈ ಡೌನ್’. ನೀವು ತಿಂಡಿಗೆ ಹೋದಿರಿ, ನೋಡುವವರಿಲ್ಲದೆ ಬೆಂಕಿ ತಾನಾಗೇ ಆರಿಹೋಯಿತು. ಇದು ‘ಗೋ ಔಟ್’: ‘ದ ಫೈರ್ ವೆಂಟ್ ಔಟ್.’ ಸ್ನಾನ ಎಲ್ಲರದ್ದೂ ಮುಗಿಯಿತು, ಕಟ್ಟಿಗೆ ಉಳಿಸಲು ಅಮ್ಮ ನೀರು ಚಿಮುಕಿಸಿ ಆರಿಸಿದರು. ಇದು ‘ಪುಟ್ ಔಟ್’: ‘ಮದರ್ ಪುಟ್ ದ ಫೈರ್ ಔಟ್.’ ಒಳಗೆ ಹಾಕಿದ ಕಾಗದ, ಸಿಪ್ಪೆ ಎಲ್ಲ ಉರಿದು ಬೂದಿಯಾಯಿತು. ಇದು ‘ಬರ್ನ್ ಅಪ್’.

ಆರು ಮತ್ತು ಆರಿಸು ಇರುವಷ್ಟೇ ವ್ಯತ್ಯಾಸ ‘ಗೋ ಔಟ್’ಗೂ ‘ಪುಟ್ ಔಟ್’ಗೂ ಇದೆ. ತಾನಾಗಿ ಆರಿದರೆ ಒಂದು, ಯಾರೋ ಆರಿಸಿದರೆ ಇನ್ನೊಂದು.

ಇನ್ನು ಗ್ಯಾಸು, ನಲ್ಲಿ, ಟಿವಿ. ಇವಕ್ಕೆ ತಿರುಗಿಸುವ, ಒತ್ತುವ ಗುಂಡಿ ಇದೆ. ಹಾಗಾಗಿ ‘ಟರ್ನ್ ಆಫ್’. ಲೈಟು, ಫ್ಯಾನಿಗೆ ‘ಸ್ವಿಚ್ ಆಫ್’ ಕೂಡ ಸರಿ. ನಾವು ನಲ್ಲಿಗೆ ‘ಕ್ಲೋಸ್ ದ ಟ್ಯಾಪ್’ ಅನ್ನುತ್ತೇವೆ. ಅದು ‘ನಲ್ಲಿ ಮುಚ್ಚು’ ಎನ್ನುವ ಕನ್ನಡವನ್ನೇ ಇಂಗ್ಲಿಷಿಗೆ ತಂದದ್ದು. ‘ಟರ್ನ್ ಆಫ್ ದ ಟ್ಯಾಪ್’ ಅನ್ನಿ. ಕನ್ನಡದಲ್ಲಿ ‘ಲೈಟ್ ಆಫ್ ಮಾಡು’ ಅನ್ನುತ್ತೇವಲ್ಲ ಅಂತ ಇಂಗ್ಲಿಷಿನಲ್ಲಿ ‘ಆಫ್ ದ ಲೈಟ್’ ಅನ್ನಬಾರದು. ಅಲ್ಲಿ ‘ಆಫ್’ ಒಂದೇ ಕ್ರಿಯಾಪದದ ಕೆಲಸ ಮಾಡುವುದಿಲ್ಲ.

‘ಲುಕ್’ ಒಂದೇ, ಬಾಲ ಹತ್ತು. ನೆನಪಿಡೋಕೆ ದಾರಿ ಇದೆಯಾ?

ಕನ್ನಡದ ‘ನೋಡು’ ಹಿಡಿದು ಹೊರಡಿ. ‘ಮಗೂನ ನೋಡ್ಕೋ’ ಅಂದರೆ ‘ಲುಕ್ ಆಫ್ಟರ್’. ಹಬ್ಬಕ್ಕೆ ಮಗಳು ಬರುವುದನ್ನು ಎದುರು ನೋಡುವುದು ‘ಲುಕ್ ಫಾರ್ವರ್ಡ್ ಟು’. ಎರಡೂ ಭಾಷೆಯಲ್ಲಿ ಕಣ್ಣು ಮುಂದಕ್ಕೇ ನೆಟ್ಟಿದೆ, ನೋಡಿ. ಕೀಳಾಗಿ ನೋಡುವುದು ‘ಲುಕ್ ಡೌನ್ ಆನ್’. ದೊಡ್ಡವರು ಅಂತ ಗೌರವದಿಂದ ಕಾಣುವುದು ‘ಲುಕ್ ಅಪ್ ಟು’. ಕಳೆದ ಬೀಗದ ಕೈ ಹುಡುಕುವುದು ‘ಲುಕ್ ಫಾರ್’. ದೂರು ಬಂದಾಗ ಒಳಹೊಕ್ಕು ವಿಚಾರಿಸುವುದು ‘ಲುಕ್ ಇನ್‌ಟು’. ಡಿಕ್ಷನರಿಯಲ್ಲಿ ಪದ ನೋಡುವುದು ಬರೀ ‘ಲುಕ್ ಅಪ್’. ಕೊನೆಯಲ್ಲಿ ‘ಟು’ ಇಲ್ಲ.

ಬಸ್ಸಿಗೆ ‘ಗೆಟ್ ಆನ್’, ಆಟೋಗೆ ‘ಗೆಟ್ ಇನ್’ ಯಾಕೆ?

ನಿಂತುಕೊಂಡು ಓಡಾಡುವಷ್ಟು ಜಾಗ ಇರುವ ಗಾಡಿಗೆ ಆನ್, ಆಫ್. ಬಸ್ಸು, ರೈಲು, ವಿಮಾನ, ಲಾಂಚ್. ಬಗ್ಗಿ ಒಳಗೆ ತೂರಿ ಕೂರುವ ಗಾಡಿಗೆ ಇನ್, ಔಟ್ ಆಫ್. ಕಾರು, ಆಟೋ. ಸವಾರಿ ಮಾಡುವ ಬೈಕಿಗೆ ಮತ್ತೆ ಆನ್, ಆಫ್. ತಾಳಗುಪ್ಪದ ರೈಲಿನಿಂದ ಇಳಿದಾಗ ‘ಐ ಗಾಟ್ ಆಫ್ ದ ಟ್ರೈನ್’, ಅಲ್ಲಿಂದ ಆಟೋ ಹತ್ತಿದಾಗ ‘ಐ ಗಾಟ್ ಇನ್‌ಟು ಆನ್ ಆಟೋ’.

ನಮ್ಮ ಮಳೆ ಬಗ್ಗೆ ಇಂಗ್ಲಿಷಿನಲ್ಲಿ ಹೇಳೋಕೆ ಹೋದ್ರೆ ‘ರೈನ್ ಈಸ್ ಕಮಿಂಗ್’ ಬಿಟ್ಟು ಏನೂ ಬರಲ್ಲ.

ಮಳೆ ಸುಮ್ನೆ ಬರುವುದಿಲ್ಲ ನಮ್ಮಲ್ಲಿ, ಅದಕ್ಕೆ ನೂರು ರೂಪ. ಆಗುಂಬೆ ಮಳೆ ಹಿಡಿದರೆ ಬಿಡುವುದೇ ಇಲ್ಲ. ಆ ‘ಬಿಡುವುದು’ ಇಂಗ್ಲಿಷಿನಲ್ಲಿ ‘ಲೆಟ್ ಅಪ್’. ‘ದ ರೈನ್ ಡಿಡ್ ನಾಟ್ ಲೆಟ್ ಅಪ್ ಫಾರ್ ತ್ರೀ ಡೇಸ್.’ ಮೂರು ದಿನ ಮಳೆ ಬಿಡಲೇ ಇಲ್ಲ. ರಭಸ ಸ್ವಲ್ಪ ತಗ್ಗಿದರೆ ‘ಈಸ್ ಆಫ್’. ಮೋಡ ಸರಿದು ಹೊಳವಾದರೆ ‘ಕ್ಲಿಯರ್ ಅಪ್’. ಮೋಡ ಕಟ್ಟಿದ್ದರೂ ಅಂಗಳದ ಅಡಿಕೆ ಒಳಗೆ ಹಾಕುವವರೆಗೆ ಮಳೆ ತಡೆದು ನಿಂತರೆ ‘ಹೋಲ್ಡ್ ಆಫ್’. ಈ ಕೊನೆಯದನ್ನು ಹೇಳಿದಾಗ ಕ್ಲಾಸಿನಲ್ಲಿ ತೋಟದ ಮನೆಯ ಮಕ್ಕಳ ಮುಖ ಅರಳುತ್ತದೆ. ಮೋಡ ನೋಡಿ ಚಾಪೆ ಮಡಚಲು ಓಡಿದವರು ಅವರು.

ಮಳೆಗೆ ಶಾಲೆಯ ಆಟೋಟ ಮುಂದಕ್ಕೆ ಹೋದರೆ ‘ಪುಟ್ ಆಫ್’. ಆಟೋಟವೇ ರದ್ದಾದರೆ ‘ಕಾಲ್ ಆಫ್’. ಇವೆರಡನ್ನು ಅದಲುಬದಲು ಮಾಡಿದರೆ ಮಕ್ಕಳು ಬರಬೇಕಾದ ದಿನ ಬರುವುದೇ ಇಲ್ಲ.

ಆಫ್ ಅಂದ್ರೆ ನಿಲ್ಲೋದು. ಮತ್ತೆ ‘ಅಲಾರಂ ವೆಂಟ್ ಆಫ್’ ಅಂದ್ರೆ ಹೊಡ್ಕೊಳ್ತು ಅಂತೀರಲ್ಲ?

ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲವಾದರೂ ಬರುತ್ತದೆ. ‘ಆಫ್’ನ ಮೂಲ ನಿಲ್ಲುವುದಲ್ಲ, ಬಿಟ್ಟು ಹೋಗುವುದು. ಕರೆಂಟ್ ಬಿಟ್ಟು ಹೋದರೆ ದೀಪ ಆರುತ್ತದೆ, ‘ದ ಲೈಟ್ಸ್ ವೆಂಟ್ ಆಫ್’. ನಾವೂ ‘ಕರೆಂಟ್ ಹೋಯ್ತು’ ಅಂತಲೇ ಅನ್ನುತ್ತೇವೆ. ಒಳಗೆ ಬಿಗಿಹಿಡಿದಿದ್ದ ಶಕ್ತಿ ಹಿಡಿತ ಬಿಟ್ಟು ಹಾರಿದರೆ ಸದ್ದಾಗುತ್ತದೆ. ನಾವು ಗುಂಡು ಹಾರಿತು, ಗರ್ನಾಲು ಹಾರಿತು ಅನ್ನುವುದಿಲ್ಲವೇ? ಅದೇ ‘ಗೋ ಆಫ್’. ಅಲಾರಂ ಕೂಡ ಆ ಸಾಲಿಗೆ ಸೇರಿದ್ದು. ಬ್ರಿಟನ್ನಿನಲ್ಲಿ ಹಾಲು ಹಳಸಿದರೂ ‘ಗೋ ಆಫ್’ ಅನ್ನುತ್ತಾರೆ. ಯಾವ ಅರ್ಥ ಅಂತ ಯಾವ ವಸ್ತು ಎಂಬುದೇ ಹೇಳಿಬಿಡುತ್ತದೆ.

## ವ್ಯಾಕರಣದ ಗಂಟು

‘ಟರ್ನ್ ಆಫ್ ದ ಫ್ಯಾನ್’ ಸರಿ ಅಂದ್ರೆ ‘ಟರ್ನ್ ಆಫ್ ಇಟ್’ ಯಾಕೆ ತಪ್ಪು?

ಬೋರ್ಡಿನ ಮೇಲೆ ಇದನ್ನು ಬರೆದು ತೋರಿಸುವಾಗ ಬಾಗಿಲು ಮತ್ತು ಚಿಲಕದ ಚಿತ್ರ ಬಿಡಿಸುತ್ತೇನೆ. ‘ಟರ್ನ್’ ಬಾಗಿಲು, ‘ಆಫ್’ ಚಿಲಕ. ‘ದ ಫ್ಯಾನ್’ ತರದ ಪೂರ್ಣ ಹೆಸರು ಚಿಲಕದ ಆಚೆಯೂ ನಿಲ್ಲಬಹುದು, ಈಚೆಯೂ ನಿಲ್ಲಬಹುದು. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’, ಎರಡೂ ಸರಿ. ಇಟ್, ದೆಮ್, ಹಿಮ್, ಹರ್, ಮಿ ತರದ ಪುಟ್ಟ ಸರ್ವನಾಮಕ್ಕೆ ಆಚೆ ನಿಲ್ಲುವ ಬಲ ಇಲ್ಲ. ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’, ‘ಪಿಕ್ ಮಿ ಅಪ್’, ‘ಥ್ರೋ ದೆಮ್ ಅವೇ’.

ಹೆಸರು ಬಹಳ ಉದ್ದ ಇದ್ದರೆ ಮಾತ್ರ ನಡುವೆ ತುರುಕಬೇಡಿ. ‘ಪಿಕ್ ಅಪ್ ದ ಬ್ಯಾಗ್ ವಿಚ್ ಯು ಲೆಫ್ಟ್ ಇನ್ ದ ಬಸ್’ ಅನ್ನಿ. ‘ಅಪ್’ ಕೊನೆಯಲ್ಲಿ ಬಂದರೆ ಕೇಳುವವರು ಅಷ್ಟು ಹೊತ್ತು ಕಾಯಬೇಕು.

ಹಾಗಾದ್ರೆ ಎಲ್ಲದನ್ನೂ ಹೀಗೆ ಒಡೆಯಬಹುದಾ?

ಇಲ್ಲ. ‘ಲುಕ್ ಆಫ್ಟರ್’, ‘ಲುಕ್ ಫಾರ್’, ‘ಗೆಟ್ ಓವರ್’ ತರದವು ಅಂಟಿಕೊಂಡೇ ಇರುತ್ತವೆ. ‘ಲುಕ್ ಆಫ್ಟರ್ ಹರ್’ ಸರಿ, ‘ಲುಕ್ ಹರ್ ಆಫ್ಟರ್’ ತಪ್ಪು. ಮೂರು ಪದದವೂ ಸಾಮಾನ್ಯವಾಗಿ ಹೀಗೇ. ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊ. ‘ರನ್ ಔಟ್ ಆಫ್’ ಅಂದರೆ ಖಾಲಿಯಾಗು: ‘ವಿ ರಾನ್ ಔಟ್ ಆಫ್ ಗ್ಯಾಸ್.’ ಇಲ್ಲಿ ಓಡಿದವರು ಯಾರೂ ಇಲ್ಲ. ‘ಕ್ಯಾಚ್ ಅಪ್ ವಿತ್’ ಅಂದರೆ ಹಿಂದೆ ಬಿದ್ದವರು ಮುಂದಿದ್ದವರನ್ನು ಮುಟ್ಟುವುದು.

ಒಂದು ಎಚ್ಚರಿಕೆ. ‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಮೀಟ್’ ಬರುವುದಿಲ್ಲ, ‘ಮೀಟಿಂಗ್’ ಬರುತ್ತದೆ. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು.’ ಕೆಲಸದ ಅರ್ಜಿಗಳಲ್ಲಿ ನಾನು ತಿದ್ದುವ ತಪ್ಪುಗಳಲ್ಲಿ ಇದೇ ಜಾಸ್ತಿ.

‘ಗಿವ್ ಅಪ್’ಗೆ ಪಾಸ್ಟ್ ಟೆನ್ಸ್ ಮಾಡುವಾಗ ಯಾವುದನ್ನ ಬದಲಿಸಬೇಕು?

ಕ್ರಿಯಾಪದವನ್ನು ಮಾತ್ರ. ಗೇವ್ ಅಪ್, ಗಿವನ್ ಅಪ್, ಗಿವಿಂಗ್ ಅಪ್. ‘ಅಪ್’ ಜಪ್ಪಯ್ಯ ಅಂದರೂ ಅಲುಗುವುದಿಲ್ಲ.

ಪಿಕಪ್, ಬ್ರೇಕ್‌ಡೌನ್, ಚೆಕಪ್ ಅಂತ ಕನ್ನಡದಲ್ಲೇ ಹೇಳ್ತೀವಿ. ಇವೂ ಫ್ರೇಸಲ್ ವರ್ಬಾ?

ಇವು ಅದೇ ಮನೆಯ ಮಕ್ಕಳು, ಆದರೆ ನಾಮಪದ ಆಗಿವೆ. ಹೆಸರಾಗಿ ಬಳಸಿದಾಗ ಬಿಡಿಸದೆ ಒಂದೇ ಪದವಾಗಿ, ಕೆಲವು ಕಡೆ ನಡುವೆ ಗೆರೆ ಹಾಕಿ ಬರೆಯುತ್ತಾರೆ. ಕ್ರಿಯೆಯಾದಾಗ ಬಿಡಿಸಿ ಬರೆಯಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತರೆ ‘ದ ಬಸ್ ಬ್ರೋಕ್ ಡೌನ್’. ಆ ಘಟನೆಗೆ ಹೆಸರು ‘ಬ್ರೇಕ್‌ಡೌನ್’. ಅಡಿಕೆ ಮೂಟೆ ಹೊತ್ತು ಮಂಡಿಗೆ ಹೋಗುವ ಗಾಡಿ ‘ಪಿಕಪ್’. ಮೂಟೆ ಎತ್ತುವುದು ‘ಪಿಕ್ ಅಪ್’. ಶಾಲೆಯ ‘ಸೆಂಡಾಫ್’, ಅಂಗಡಿಯ ‘ಪ್ರಿಂಟೌಟ್’ ಎಲ್ಲ ಹೀಗೇ.

ಉಚ್ಚಾರಣೆಯಲ್ಲೂ ವ್ಯತ್ಯಾಸ ಇದೆ. ಹೆಸರಿನಲ್ಲಿ ಒತ್ತು ಮೊದಲ ತುಂಡಿಗೆ, ‘ಬ್ರೇಕ್’ ಮೇಲೆ. ಕ್ರಿಯೆಯಲ್ಲಿ ಒತ್ತು ಕೊನೆಗೆ, ‘ಡೌನ್’ ಮೇಲೆ.

## ಕೆಲಸ, ಇಂಟರ್‌ವ್ಯೂ, ಕಾಗದ

ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2022’ ಅಂದೆ. ವಿದೇಶದವರು ಗಾಬರಿಯಾಗಿ ನೋಡಿದ್ರು. ಏನು ತಪ್ಪು?

ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬ್ರಿಟನ್, ಅಮೆರಿಕದ ಕಿವಿಗೆ ‘ಪಾಸ್ಡ್ ಔಟ್’ ಅಂದರೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ. ಬ್ರಿಟನ್ನಿನಲ್ಲಿ ಸೈನ್ಯದ ತರಬೇತಿ ಮುಗಿಸಿ ಹೊರಬರುವವರಿಗೆ ಈ ಮಾತು ಇದೆ. ನಮ್ಮ ಬಳಕೆಯೂ ಅದಕ್ಕೆ ಹತ್ತಿರದ್ದೇ. ಹಾಗಾಗಿ ನೀವು ದಡ್ಡತನ ಮಾಡಿದಿರಿ ಅಂತ ನೊಂದುಕೊಳ್ಳಬೇಡಿ. ಹೊರದೇಶದವರ ಮುಂದೆ ‘ಐ ಗ್ರಾಜುಯೇಟೆಡ್ ಇನ್ 2022’ ಅಂದರೆ ಆಯಿತು.

‘ಕೋಪ್ ಅಪ್ ವಿತ್’, ‘ರಿಟರ್ನ್ ಬ್ಯಾಕ್’ ಎಲ್ಲರೂ ಹೇಳ್ತಾರಲ್ಲ, ತಪ್ಪಾ?

ಬಾಲ ಬೇಡದ ಕಡೆ ಬಾಲ ಅಂಟಿಸಿದ್ದು ಇವು. ‘ಕೋಪ್ ವಿತ್’ ಸಾಕು. ‘ರಿಟರ್ನ್’ನಲ್ಲೇ ವಾಪಸ್ ಇದೆ, ಮತ್ತೆ ‘ಬ್ಯಾಕ್’ ಬೇಡ. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ಬೇಡ. ಕನ್ನಡದ ‘ಬಗ್ಗೆ’ ನಮ್ಮನ್ನು ಅಲ್ಲಿಗೆ ಎಳೆಯುತ್ತದೆ. ಫಾರ್ಮ್‌ಗೆ ‘ಫಿಲ್ ಇನ್’ ಅಥವಾ ‘ಫಿಲ್ ಔಟ್’. ‘ಫಿಲ್ ಅಪ್’ ಪೆಟ್ರೋಲ್ ಟ್ಯಾಂಕಿಗೆ, ನೀರಿನ ಹಂಡೆಗೆ ಇಟ್ಟುಕೊಳ್ಳಿ.

ಆಫೀಸಿನ ಕಾಗದದಲ್ಲಿ ಫ್ರೇಸಲ್ ವರ್ಬ್ ಬಳಸಬಾರದು ಅಂತ ಒಬ್ಬರು ಹೇಳಿದ್ರು. ನಿಜವಾ?

ಪೂರ್ತಿ ನಿಜ ಅಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ಫ್ರೆಂಚ್ ಪದಗಳು ಬಹಳ ಬಂದವು, ಲ್ಯಾಟಿನ್ ಪದಗಳೂ ಸೇರುತ್ತಾ ಹೋದವು. ಹಾಗಾಗಿ ಒಂದೇ ಅರ್ಥಕ್ಕೆ ಎರಡು ಪದ ಉಳಿದುಕೊಂಡವು. ಪುಟ್ ಆಫ್ ಮತ್ತು ಪೋಸ್ಟ್‌ಪೋನ್, ಪುಟ್ ಔಟ್ ಮತ್ತು ಎಕ್ಸ್‌ಟಿಂಗ್ವಿಶ್, ಪುಟ್ ಅಪ್ ವಿತ್ ಮತ್ತು ಟಾಲರೇಟ್. ನಮ್ಮಲ್ಲಿ ‘ಶುರು ಮಾಡು’ ಮತ್ತು ‘ಪ್ರಾರಂಭಿಸು’, ‘ಆರಿಸು’ ಮತ್ತು ‘ನಂದಿಸು’ ಇರುವ ಹಾಗೆ. ಒಲೆ ಮುಂದೆ ಯಾರೂ ನಂದಿಸು ಅನ್ನುವುದಿಲ್ಲ. ಅಗ್ನಿಶಾಮಕದವರ ವರದಿಯಲ್ಲಿ ಅದೇ ಪದ ಒಪ್ಪುತ್ತದೆ.

ಕೋರ್ಟು, ಸಂಶೋಧನಾ ಪ್ರಬಂಧಕ್ಕೆ ಒಂಟಿ ಪದ ಒಳ್ಳೆಯದು. ಇಮೇಲಿಗೆ ‘ಪ್ಲೀಸ್ ಲುಕ್ ಇನ್‌ಟು ದಿಸ್’, ‘ಐ ವಿಲ್ ಗೆಟ್ ಬ್ಯಾಕ್ ಟು ಯು’, ‘ಶಲ್ ವಿ ಸೆಟ್ ಅಪ್ ಎ ಮೀಟಿಂಗ್’ ಧಾರಾಳವಾಗಿ ನಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಹುಡುಗರ ಇಂಗ್ಲಿಷ್ ಗಟ್ಟಿ ಕಟ್ಟಿಗೆಯ ಹಾಗೆ ಕಾಣುವುದು ತಪ್ಪುಗಳಿಂದ ಅಲ್ಲ. ಮಾತಾಡುವಾಗಲೂ ‘ಎಕ್ಸ್‌ಟಿಂಗ್ವಿಶ್’ ಅನ್ನುವುದರಿಂದ.

## ಇನ್ನೂ ಒಳಕ್ಕೆ

ಒಂದೇ ‘ಮೇಕ್ ಅಪ್’ಗೆ ನಾಲ್ಕು ಅರ್ಥ. ಇದು ಯಾವ ನ್ಯಾಯ?

‘ಕಟ್ಟು’ ಪದಕ್ಕೆ ಎಷ್ಟು ಅರ್ಥ ಅಂತ ಎಣಿಸಿ. ಮನೆ ಕಟ್ಟು, ಹಗ್ಗ ಕಟ್ಟು, ಫೀಸು ಕಟ್ಟು, ಕತೆ ಕಟ್ಟು. ನಮಗೆ ಗೊಂದಲ ಆಗುವುದೇ ಇಲ್ಲ, ಯಾಕೆಂದರೆ ಪಕ್ಕದ ಪದ ದಾರಿ ತೋರಿಸುತ್ತದೆ. ‘ಮೇಕ್ ಅಪ್ ಎ ಸ್ಟೋರಿ’ ಅಂದರೆ ಕತೆ ಕಟ್ಟು. ಜಗಳ ಆಡಿದ ಅಣ್ಣ ತಮ್ಮ ಮತ್ತೆ ಮಾತಾಡಿದರೆ ‘ದೇ ಮೇಡ್ ಅಪ್’, ರಾಜಿಯಾದರು. ‘ಮೇಕ್ ಅಪ್ ಯುವರ್ ಮೈಂಡ್’ ಅಂದರೆ ಒಂದು ತೀರ್ಮಾನಕ್ಕೆ ಬಾ. ‘ಮೇಕ್ ಅಪ್ ಫಾರ್’ ಅಂದರೆ ನಷ್ಟ ತುಂಬಿಕೊಡು. ‘ಬ್ರಿಂಗ್ ಅಪ್’ ಕೂಡ ಹೀಗೆ. ಮಗುವಿಗಾದರೆ ಸಾಕಿ ಬೆಳೆಸು, ವಿಷಯಕ್ಕಾದರೆ ಎತ್ತು. ‘ವಿಷಯ ಎತ್ತಬೇಡ’ ಅನ್ನುವ ನಮ್ಮ ಮಾತಿನಲ್ಲೂ ಮೇಲಕ್ಕೆ ತರುವುದೇ ಇದೆ.

ಹಾಗಾಗಿ ಜೋಡಿ ಒಂದನ್ನೇ ಬರೆದುಕೊಳ್ಳಬೇಡಿ. ಪಕ್ಕದ ಪದವನ್ನೂ ಸೇರಿಸಿ ಬರೆದುಕೊಳ್ಳಿ.

‘ಹಿ ಟರ್ನ್ಡ್ ಆಫ್ ದ ರೋಡ್’ ಅಂತ ಓದಿದೆ. ರಸ್ತೆ ಆಫ್ ಮಾಡಿದ್ನಾ?

ಇಲ್ಲ, ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿದ. ತೀರ್ಥಹಳ್ಳಿ ರಸ್ತೆಯಲ್ಲಿ ಹೋಗುತ್ತಾ ಸಕ್ರೆಬೈಲಿನ ಆನೆ ಬಿಡಾರದ ಕಡೆ ತಿರುಗಿದ ಹಾಗೆ. ಇಲ್ಲಿ ‘ಆಫ್’ ರಸ್ತೆಯ ಕಡೆಯವನು, ‘ಟರ್ನ್’ ಕಡೆಯವನಲ್ಲ. ಪರೀಕ್ಷೆ ಸುಲಭ. ‘ಆಫ್’ ಅನ್ನು ಕೊನೆಗೆ ಸರಿಸಿ ನೋಡಿ. ‘ಹಿ ಟರ್ನ್ಡ್ ದ ಲೈಟ್ ಆಫ್’ ನಿಲ್ಲುತ್ತದೆ. ‘ಹಿ ಟರ್ನ್ಡ್ ದ ರೋಡ್ ಆಫ್’ ನಿಲ್ಲುವುದಿಲ್ಲ.

ಓದಿದ್ರೆ ಗೊತ್ತಾಗುತ್ತೆ, ಸಿನಿಮಾದಲ್ಲಿ ಕೇಳಿದ್ರೆ ಒಂದೂ ಸಿಗಲ್ಲ. ಯಾಕೆ?

ಅವರು ಪದಗಳನ್ನು ಬಿಡಿಸಿ ಹೇಳುವುದಿಲ್ಲ. ‘ಪುಟ್ ಇಟ್ ಆಫ್’ ಬಾಯಲ್ಲಿ ‘ಪುಟಿಟಾಫ್’ ಆಗುತ್ತದೆ. ನಾವೂ ‘ಹೋಗಿಬಿಟ್ಟಿದ್ದಾನೆ’ ಅಂತ ಬರೆದು ‘ಹೋಗ್ಬಿಟ್ಟಿದಾನೆ’ ಅಂತ ಹೇಳುವವರೇ. ಒತ್ತು ಬೀಳುವುದು ಕೊನೆಯ ಪುಟ್ಟ ಪದದ ಮೇಲೆ. ಕಿವಿಯನ್ನು ಅಲ್ಲಿಗೆ ಕೊಡಿ. ಒಂದು ನಿಮಿಷದ ತುಣುಕನ್ನು ಮೂರು ಸಲ ಕೇಳಿ, ಬರೀ ಅಪ್, ಔಟ್, ಆಫ್‌ಗಳನ್ನು ಗುರುತು ಹಾಕಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತೀರಿ.

ಇಂಗ್ಲಿಷ್ ಬಲ್ಲವರಿಗೂ ಇದು ಕಷ್ಟ ಅನ್ನಿಸಿದ್ದುಂಟಾ?

ಉಂಟು. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ ತಮ್ಮ ಡಿಕ್ಷನರಿಯ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಪುಟ್ಟ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ಹೊರಗಿನವರಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಎಂದು ಬರೆದಿದ್ದಾರೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಅಳುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ನಮ್ಮನೇಲಿ ಇಂಗ್ಲಿಷ್ ಮಾತಾಡೋರು ಯಾರೂ ಇಲ್ಲ. ನಾನು ಹೇಗೆ ಅಭ್ಯಾಸ ಮಾಡಲಿ?

ಹೊಸನಗರ ಕಡೆಯ ಒಬ್ಬ ಅಮ್ಮ ಇದೇ ಕೇಳಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟೆ: ಎ, ಬಿ, ಸಿ ಕ್ರಮದ ಪಟ್ಟಿ ಬೇಡ. ನೋಟ್‌ಬುಕ್ಕಿನ ಒಂದೊಂದು ಪುಟಕ್ಕೆ ಮನೆಯ ಒಂದೊಂದು ಜಾಗದ ಹೆಸರು ಹಾಕಿ. ಅಡಿಗೆಮನೆ, ಅಂಗಳ, ತೋಟ, ಬಸ್‌ಸ್ಟ್ಯಾಂಡ್. ಅಲ್ಲಿ ದಿನಕ್ಕೆ ಏನು ನಡೆಯಿತೋ ಅದನ್ನೇ ಒಂದು ವಾಕ್ಯ ಬರೆಯಿರಿ. ಗೊತ್ತಾಗದಿದ್ದರೆ ಡಿಕ್ಷನರಿಯಲ್ಲಿ ಮುಖ್ಯ ಕ್ರಿಯಾಪದದ ಕೆಳಗೆ ಹುಡುಕಿ, ಜೋಡಿಗಳು ಅಲ್ಲೇ ಕೊನೆಯಲ್ಲಿ ಇರುತ್ತವೆ.

ಮೂರು ತಿಂಗಳ ಮೇಲೆ ಆ ನೋಟ್‌ಬುಕ್ ತಂದು ತೋರಿಸಿದರು. ಅಡಿಗೆಮನೆಯ ಪುಟಕ್ಕೆ ಅರಿಶಿನದ ಬೆರಳಚ್ಚು ಬಿದ್ದಿತ್ತು. ‘ಪಾತ್ರೆ ತೊಳೆದೆ: ಐ ವಾಶ್ಡ್ ಅಪ್.’ ‘ಸಾರು ಬಿಸಿ ಮಾಡಿದೆ: ಐ ಹೀಟೆಡ್ ಅಪ್ ದ ಸಾರು.’ ‘ಸಕ್ಕರೆ ಖಾಲಿ: ವಿ ಹ್ಯಾವ್ ರನ್ ಔಟ್ ಆಫ್ ಶುಗರ್.’ ಕೊನೆಯ ಸಾಲನ್ನು ಅವರೇ ಹುಡುಕಿ ಬರೆದಿದ್ದರು, ನಾನು ಹೇಳಿಕೊಟ್ಟದ್ದಲ್ಲ. ‘ಫೋನ್ ಬಂತು, ಹಾಲು ಉಕ್ಕಿತು: ದ ಮಿಲ್ಕ್ ಬಾಯ್ಲ್ಡ್ ಓವರ್.’